ಹೆಸರಿಲ್ಲದವರ ಅಹವಾಲು

ಆಸ್ಟ್ರೇಲಿಯದ ನ್ಯಾಯಾಲಯಗಳ ತೀರ್ಪುಗಳನ್ನು ತಿರುವಿಹಾಕುವವರಿಗೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಮೊಕದ್ದಮೆಯ ಶಿರೋನಾಮೆಯಲ್ಲಿ ಒಂದು ಕಡೆ ಆ ದೇಶದ ವಲಸೆ ಸಚಿವರ ಪದವಿ ವಿಸ್ತಾರವಾಗಿ ನಮೂದಾಗಿರುತ್ತದೆ. ಇನ್ನೊಂದು ಕಡೆ, ಮನುಷ್ಯನೊಬ್ಬನ ಹೆಸರಿರಬೇಕಾದ ಸ್ಥಳದಲ್ಲಿ, ‘ಎಸ್ 395’ ಎಂದೋ ‘ಎಸ್‌ಝಡ್‌ಎಫ್‌ಡಿಇ’ ಎಂದೋ ನಾಲ್ಕಾರು ಅಕ್ಷರಗಳೂ ಅಂಕಿಗಳೂ ಇರುತ್ತವೆ. ಮೊದಲ ಸಲ ಇದನ್ನು ಕಂಡಾಗ ನಾನು ಅಚ್ಚಿನ ದೋಷವಿರಬೇಕೆಂದು ಭಾವಿಸಿದೆ. ಎರಡನೆಯ ಸಲ ಕಂಡಾಗ ಸೆರೆಮನೆಯ ಕೈದಿಗಳ ಅಂಗಿಯ ಮೇಲಿನ ಸಂಖ್ಯೆ ನೆನಪಾಗಿ ಮನಸ್ಸು ಕಹಿಯಾಯಿತು. ನನ್ನ ಎರಡು ಊಹೆಗಳೂ ತಪ್ಪು ಎಂಬುದು ಅನಂತರ ತಿಳಿಯಿತು.

ಇವರು ತಮ್ಮ ದೇಶದಲ್ಲಿ ಪ್ರಾಣಭಯವಿದೆಯೆಂದು ಹೇಳಿಕೊಂಡು ಬಂದು, ರಕ್ಷಣಾ ವೀಸಾ ಬೇಡಿ, ಅದು ದೊರಕದೆ ನ್ಯಾಯಾಲಯದ ಬಾಗಿಲಿಗೆ ಬಂದವರು. ಇಂಥವರ ಹೆಸರನ್ನು ನ್ಯಾಯಾಲಯಗಳು ಪ್ರಕಟಿಸಕೂಡದೆಂಬ ವಿಧಿ 2001ರಲ್ಲಿ ಅಲ್ಲಿಯ ವಲಸೆ ಕಾಯಿದೆಗೆ ಸೇರಿತು. ತೀರ್ಪು ಬಹಿರಂಗವಾದ ಬರಹ. ಯಾರಿಗೆ ಅಂಜಿ ಓಡಿಬಂದರೋ ಅವರೂ ಅದನ್ನು ಓದಬಹುದು. ಆದುದರಿಂದ ಹೆಸರನ್ನು ಮರೆಮಾಡುವುದೇ ರಕ್ಷಣೆಯ ಮೊದಲ ಕಾರ್ಯವಾಯಿತು. ನಮ್ಮ ಭಾಷೆಯಲ್ಲಿ ಅಕ್ಷರವೆಂದರೆ ನಾಶವಿಲ್ಲದ್ದು ಎಂಬ ಅರ್ಥವೂ ಉಂಟು. ನಾಶದ ಭಯದಿಂದ ಓಡಿಬಂದವನಿಗೆ ಕಡೆಗೆ ಅಕ್ಷರಗಳೇ ಆಶ್ರಯವಾದದ್ದನ್ನು ಕಂಡು ನಾನು ಕೊಂಚ ಹೊತ್ತು ಸುಮ್ಮನೆ ಕುಳಿತೆ.

ನಾನು ಕಾನೂನಿನ ಪಂಡಿತನಲ್ಲ, ಸಾಹಿತ್ಯದ ಓದುಗ. ಆದರೂ ಈ ತೀರ್ಪುಗಳನ್ನು ಓದುವ ಅಭ್ಯಾಸ ನನಗೆ ಹತ್ತಿಕೊಂಡಿತು. ಒಬ್ಬ ಮನುಷ್ಯ ತನ್ನ ಭಯವನ್ನು ಇನ್ನೊಬ್ಬನಿಗೆ ನಂಬಿಕೆಯಾಗುವಂತೆ ಹೇಳಬಲ್ಲನೆ, ಕೇಳುವವನು ಅದನ್ನು ನಿಜವಾಗಿ ಕೇಳಿಸಿಕೊಳ್ಳಬಲ್ಲನೆ ಎಂಬ ಪ್ರಶ್ನೆ ಇವುಗಳ ತಳದಲ್ಲಿದೆ. ಇದು ಸಾಹಿತ್ಯಕ್ಕೂ ಹೊರಗಿನ ಪ್ರಶ್ನೆಯಲ್ಲ.

ಮೊದಲು ಈ ವ್ಯವಸ್ಥೆಯ ಸ್ವರೂಪವನ್ನು ಸ್ವಲ್ಪದರಲ್ಲಿ ಹೇಳಿಬಿಡುತ್ತೇನೆ. ನಿರಾಶ್ರಿತರನ್ನು ಕುರಿತ ಅಂತರರಾಷ್ಟ್ರೀಯ ಒಡಂಬಡಿಕೆ 1951ರಲ್ಲಿ ಸಿದ್ಧವಾಯಿತು. ಆರು ರಾಷ್ಟ್ರಗಳು ಸೇರಿದ ಮೇಲೆ ಅದು ಜಾರಿಗೆ ಬರಬೇಕೆಂದು ನಿಯಮವಿತ್ತು. ಆ ಆರನೆಯ ರಾಷ್ಟ್ರ ಆಸ್ಟ್ರೇಲಿಯ. ಅದು 1954ರ ಜನವರಿ 22ರಂದು ಸೇರಿತು. ಏಪ್ರಿಲ್ 22ರಂದು ಒಡಂಬಡಿಕೆಗೆ ಜೀವ ಬಂದಿತು. ಜನಾಂಗ, ಧರ್ಮ, ರಾಷ್ಟ್ರೀಯತೆ, ಯಾವುದಾದರೊಂದು ಸಾಮಾಜಿಕ ವರ್ಗಕ್ಕೆ ಸೇರಿರುವುದು, ರಾಜಕೀಯ ಅಭಿಪ್ರಾಯ—ಈ ಐದು ಕಾರಣಗಳಲ್ಲಿ ಒಂದರಿಂದ ಹಿಂಸೆಗೊಳಗಾಗುವ ಭಯ ಯಾವನಿಗಿದೆಯೋ, ಆ ಭಯಕ್ಕೆ ಸರಿಯಾದ ಆಧಾರವಿದೆಯೋ, ಅವನು ನಿರಾಶ್ರಿತ. ಆಧಾರವೆಂದರೆ ಎಷ್ಟು? ಆಸ್ಟ್ರೇಲಿಯದ ಹೈಕೋರ್ಟು—ಅಲ್ಲಿ ಅದೇ ಅತ್ಯುನ್ನತ ನ್ಯಾಯಾಲಯ, ನಮ್ಮ ಸುಪ್ರೀಂ ಕೋರ್ಟಿನ ಸ್ಥಾನದಲ್ಲಿರುವಂಥದು—1989ರಲ್ಲಿ ಇದಕ್ಕೆ ಉತ್ತರ ಕೊಟ್ಟಿತು. ಹಿಂಸೆ ಒದಗುವುದು ಖಚಿತವಾಗಿರಬೇಕಾಗಿಲ್ಲ, ಒದಗದಿರುವುದಕ್ಕಿಂತ ಒದಗುವುದೇ ಹೆಚ್ಚು ಸಂಭವವೆಂದು ತೋರಿಸಬೇಕಾಗಿಯೂ ಇಲ್ಲ. ವಾಸ್ತವವಾದ ಸಂಭವವಿದ್ದರೆ ಸಾಕು. ನೂರರಲ್ಲಿ ಹತ್ತು ಪಾಲು ಅಪಾಯವಿದ್ದರೂ ಭಯಕ್ಕೆ ಆಧಾರವಿದೆಯೆನ್ನಬಹುದೆಂದು ಆ ಪೀಠದ ಒಬ್ಬ ನ್ಯಾಯಮೂರ್ತಿಗಳು ಬರೆದರು. ಮನೆಗೆ ಬೆಂಕಿ ಬೀಳುವ ಸಂಭವ ನೂರಕ್ಕೆ ಹತ್ತು ಎಂದು ತಿಳಿದರೆ ನಮ್ಮಲ್ಲಿ ಯಾರು ತಾನೆ ಮಕ್ಕಳನ್ನು ಒಳಗೆ ಮಲಗಿಸಿಯಾರು?

ಅರ್ಜಿಯನ್ನು ಮೊದಲು ಪರಿಶೀಲಿಸುವವನು ಸಚಿವರ ಪರವಾಗಿ ಕೆಲಸಮಾಡುವ ಅಧಿಕಾರಿ. ಆತ ನಿರಾಕರಿಸಿದರೆ ಸಾಮಾನ್ಯವಾಗಿ ನ್ಯಾಯಮಂಡಲಿಗೆ ಹೋಗಬಹುದು. ಆ ಮಂಡಲಿ 1993ರಿಂದ ನಿರಾಶ್ರಿತರಿಗಾಗಿಯೇ ಪ್ರತ್ಯೇಕವಾಗಿದ್ದಿತು. 2015ರಲ್ಲಿ ಬೇರೊಂದು ದೊಡ್ಡ ಮಂಡಲಿಯಲ್ಲಿ ಲೀನವಾಯಿತು. 2024ರ ಅಕ್ಟೋಬರ್ 14ರಿಂದ ಆ ದೊಡ್ಡ ಮಂಡಲಿಯೂ ಹೋಗಿ ಹೊಸದೊಂದು ಬಂದಿದೆ. ಹೆಸರು ಬದಲಾದರೂ ಕೆಲಸ ಒಂದೇ: ಅರ್ಜಿಯನ್ನು ಮೊದಲಿನಿಂದ ನೋಡಿ, ಅರ್ಜಿದಾರನ ಮಾತನ್ನು ನಂಬಬಹುದೇ ಎಂದು ನಿರ್ಣಯಿಸುವುದು. ಅಲ್ಲಿಯೂ ಸೋತವನು ಮೂವತ್ತೈದು ದಿನಗಳೊಳಗಾಗಿ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ನ್ಯಾಯಾಂಗ ಪುನರ್ವಿಮರ್ಶೆಯೆಂದು ಕರೆಯುವುದು ಇದನ್ನು.

ಅಂಥವನು ನ್ಯಾಯಾಲಯಕ್ಕೆ ಬರುವುದು ಒಂದೇ ಪ್ರಶ್ನೆಯನ್ನು ಎದೆಯಲ್ಲಿಟ್ಟುಕೊಂಡು: ‘ಸ್ವಾಮಿ, ನಾನು ಹಿಂದಿರುಗಿದರೆ ನನ್ನನ್ನು ಕೊಲ್ಲುತ್ತಾರೆ, ನೀವಾದರೂ ನಂಬುತ್ತೀರೋ?’ ನ್ಯಾಯಾಲಯದ ಉತ್ತರ ಕೇಳುವವರಿಗೆ ಕಲ್ಲಿನ ಉತ್ತರವೆಂದೇ ತೋರುತ್ತದೆ: ‘ಆ ಪ್ರಶ್ನೆ ನನ್ನದಲ್ಲ. ನಿನ್ನನ್ನು ವಿಚಾರಿಸಿದವರು ಕಾನೂನಿನ ಪ್ರಕಾರ ವಿಚಾರಿಸಿದರೇ ಎಂಬುದಷ್ಟೇ ನನ್ನ ಪ್ರಶ್ನೆ.’

ವಿದ್ಯಾರ್ಥಿಗಳಿಗೂ ಉಪಾಧ್ಯಾಯರಿಗೂ ಇದನ್ನು ಒಂದು ಉಪಮಾನದಿಂದ ಹೇಳಬಹುದು. ಪರೀಕ್ಷೆಯಲ್ಲಿ ಅನುತ್ತೀರ್ಣನಾದವನು ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕುತ್ತಾನೆ. ಬೇರೊಬ್ಬ ಪರೀಕ್ಷಕರು ಉತ್ತರಗಳನ್ನು ಮತ್ತೆ ಓದಿ ತಮಗೆ ಸರಿಕಂಡ ಅಂಕ ಕೊಡುತ್ತಾರೆ. ನ್ಯಾಯಮಂಡಲಿ ಮಾಡುವುದು ಈ ಕೆಲಸವನ್ನು. ನ್ಯಾಯಾಲಯವಾದರೋ ಉತ್ತರ ಚೆನ್ನಾಗಿದೆಯೇ ಎಂದು ನೋಡುವುದಿಲ್ಲ. ಎಲ್ಲ ಹಾಳೆಗಳನ್ನೂ ಓದಿದರೇ? ಪರೀಕ್ಷಕರು ಮೊದಲೇ ದ್ವೇಷ ಕಟ್ಟಿಕೊಂಡಿದ್ದರೇ? ಕೇಳಿದ ಪ್ರಶ್ನೆ ಒಂದು, ಅಂಕ ಕೊಟ್ಟದ್ದು ಇನ್ನೊಂದಕ್ಕೋ? ಬೇರೆಯವನ ಉತ್ತರಪತ್ರಿಕೆ ಇದರೊಳಗೆ ಸೇರಿಹೋಯಿತೋ? ಇಂಥ ದೋಷ ಕಂಡರೆ ಫಲಿತಾಂಶವನ್ನು ರದ್ದುಮಾಡಿ ಹಿಂದಕ್ಕೆ ಕಳಿಸುತ್ತದೆ. ತಾನೇ ಅಂಕ ಹಾಕುವುದಿಲ್ಲ.

ಬೇರೆಯವನ ಉತ್ತರಪತ್ರಿಕೆ ಸೇರುವುದು ಬರಿಯ ಉಪಮಾನವೆಂದು ವಾಚಕರು ತಿಳಿಯಬಾರದು. 2020ರಲ್ಲಿ ಹೈಕೋರ್ಟು ತೀರ್ಮಾನಿಸಿದ ಎರಡು ಪ್ರಕರಣಗಳಲ್ಲಿ ನಡೆದದ್ದು ಹೆಚ್ಚುಕಡಮೆ ಅದೇ. ಅನೇಕ ಅರ್ಜಿದಾರರಿಗಾಗಿ ಕೆಲಸಮಾಡುತ್ತಿದ್ದ ಒಬ್ಬ ವಲಸೆ ಏಜೆಂಟು ಒಂದೇ ಅಚ್ಚಿನ ಹೇಳಿಕೆಯನ್ನು ಎಲ್ಲರಿಗೂ ಬಳಸಿ, ಒಬ್ಬನ ಕಷ್ಟವನ್ನು ಇನ್ನೊಬ್ಬನ ಕಾಗದದಲ್ಲಿ ಸೇರಿಸಿಬಿಟ್ಟಿದ್ದ. ಪರಿಶೀಲಿಸಿದವರಿಗೆ ಅದು ಬೇರೆಯವನ ವೃತ್ತಾಂತವೆಂದು ಕಾಣುತ್ತಲೇ ಇತ್ತು. ಆದರೂ ‘ನಿನ್ನದು ಯಾವುದು?’ ಎಂದು ಕೇಳುವ ಗೋಜಿಗೆ ಹೋಗದೆ ನಿರ್ಣಯ ಬರೆದರು. ಹಾಗೆ ಕೇಳದಿದ್ದುದು ವಿವೇಕಕ್ಕೆ ಹೊರತಾದ ನಡತೆಯೆಂದು ಹೈಕೋರ್ಟು ಹೇಳಿತು.

ಇದಕ್ಕಿಂತ ಹಿಂದಿನದು, 2007ರ ಲೆಬನಾನಿನ ಒಂದು ಕುಟುಂಬದ ಪ್ರಕರಣ. ಅವರ ಕೈಹಿಡಿದವನು ತಾನು ವಕೀಲನೆಂದೂ ನೋಂದಾಯಿತ ಏಜೆಂಟನೆಂದೂ ಹೇಳಿಕೊಂಡಿದ್ದ. ವಾಸ್ತವವಾಗಿ ಆ ಎರಡು ಅರ್ಹತೆಗಳನ್ನೂ ಕಳೆದುಕೊಂಡಿದ್ದ. ನ್ಯಾಯಮಂಡಲಿ ವಿಚಾರಣೆಗೆ ಕರೆದಾಗ, ಹೋಗಬೇಡಿರೆಂದು ಆತ ಬುದ್ಧಿ ಹೇಳಿದ. ಅವರು ನಂಬಿದರು, ಹೋಗಲಿಲ್ಲ. ಮಂಡಲಿ ಕಾಗದಗಳನ್ನಷ್ಟೇ ನೋಡಿ ಅರ್ಜಿಯನ್ನು ತಳ್ಳಿಹಾಕಿತು. ಮಂಡಲಿಯವರದು ಇದರಲ್ಲಿ ಏನೂ ತಪ್ಪಿರಲಿಲ್ಲ, ಕರೆದಿದ್ದರು, ಬರಲಿಲ್ಲ. ಆದರೂ ಹೈಕೋರ್ಟು ನಿರ್ಣಯವನ್ನು ರದ್ದುಮಾಡಿತು. ಆ ಕಪಟ ಅರ್ಜಿದಾರರನ್ನು ಮಾತ್ರ ವಂಚಿಸಲಿಲ್ಲ, ಮಂಡಲಿಯನ್ನೂ ವಂಚಿಸಿತು; ಮುಖಾಮುಖಿ ಕೇಳುವ ಅದರ ಕರ್ತವ್ಯವನ್ನೇ ನಿಷ್ಫಲಗೊಳಿಸಿತು ಎಂಬುದು ಆ ತೀರ್ಪಿನ ಸಾರ. ಆ ಕುಟುಂಬ ಹೇಳಬೇಕೆಂದಿದ್ದುದು ನಿಜವೋ ಸುಳ್ಳೋ ನ್ಯಾಯಾಲಯಕ್ಕೆ ತಿಳಿಯದು. ಅದನ್ನು ಯಾರೂ ಕೇಳಲಿಲ್ಲ ಎಂಬುದೊಂದೇ ಅದಕ್ಕೆ ಸಾಕಾಯಿತು.

ಭಾಷಾಂತರದಲ್ಲಿ ಆಸಕ್ತಿಯುಳ್ಳವರು 1999ರ ಇನ್ನೊಂದು ತೀರ್ಪನ್ನು ನೋಡಬೇಕು. ಶ್ರೀಲಂಕಾದವನೊಬ್ಬ ದುಭಾಷಿಯ ಮೂಲಕ ತನ್ನ ಕಥೆಯನ್ನು ನ್ಯಾಯಮಂಡಲಿಗೆ ಹೇಳಿದ್ದ. ಮಂಡಲಿ ನಂಬಲಿಲ್ಲ. ಫೆಡರಲ್ ಕೋರ್ಟಿನ ನ್ಯಾಯಮೂರ್ತಿ ಕೆನ್ನಿಯವರು ಆ ವಿಚಾರಣೆಯ ನಡೆವಳಿಯನ್ನು ಪರಿಶೀಲಿಸಿದಾಗ, ಪ್ರಶ್ನೆಗೂ ಉತ್ತರಕ್ಕೂ ಹೊಂದಿಕೆಯಿಲ್ಲದ ಎಡೆಗಳು ಕಂಡವು; ದುಭಾಷಿಯ ಕೊರತೆ ಬಯಲಾಯಿತು. ಭಾಷಾಂತರ ಪರಿಪೂರ್ಣವಾಗಿರಬೇಕಾಗಿಲ್ಲ, ಆದರೆ ಹೇಳುವವನು ತನ್ನ ಸಾಕ್ಷ್ಯವನ್ನು ಹೇಳಲಾರದಷ್ಟು ಅದು ಕೆಟ್ಟರೆ ವಿಚಾರಣೆ ನಡೆದಂತೆಯೇ ಆಗಲಿಲ್ಲವೆಂದು ಅವರು ನಿರ್ಣಯಿಸಿದರು. ಒಂದು ಪದ್ಯದ ಅನುವಾದ ಕೆಟ್ಟರೆ ನಾವು ವಿಮರ್ಶೆ ಬರೆದು ಸುಮ್ಮನಾಗುತ್ತೇವೆ. ಇಲ್ಲಿ ಅನುವಾದ ಕೆಟ್ಟರೆ ಒಬ್ಬ ಮನುಷ್ಯ ಸುಳ್ಳುಗಾರನೆನಿಸಿಕೊಂಡು ವಿಮಾನ ಹತ್ತಬೇಕು.

ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಲಕಿದ್ದು 2003ರ ‘ಎಸ್ 395’ ಎಂಬ ಪ್ರಕರಣ. ಬಾಂಗ್ಲಾದೇಶದ ಇಬ್ಬರು ಗಂಡಸರು ದಂಪತಿಗಳಂತೆ ಜೊತೆಯಾಗಿ ಬಾಳಿದವರು. ತಮ್ಮ ದೇಶದಲ್ಲಿ ಅದರಿಂದ ತಮಗೆ ಹಿಂಸೆಯಾಗುವುದೆಂದು ರಕ್ಷಣೆ ಬೇಡಿದರು. ನ್ಯಾಯಮಂಡಲಿ ಹೇಳಿತು: ಇವರು ಅಲ್ಲಿ ಗುಟ್ಟಾಗಿ ಬಾಳಿದ್ದಾರೆ, ಹಿಂದಿರುಗಿದರೂ ಗುಟ್ಟಾಗಿಯೇ ಬಾಳುತ್ತಾರೆ, ಆದುದರಿಂದ ಅಪಾಯವಿಲ್ಲ. ತರ್ಕ ಮೇಲುನೋಟಕ್ಕೆ ಸರಿಯಾಗಿಯೇ ಇದೆ. ಆದರೆ ಏಳು ಮಂದಿ ನ್ಯಾಯಮೂರ್ತಿಗಳಲ್ಲಿ ನಾಲ್ವರು ಆ ತರ್ಕ ಬಿಟ್ಟುಹೋದ ಒಂದು ಪ್ರಶ್ನೆಯನ್ನು ಎತ್ತಿಹಿಡಿದರು: ಅವರು ಗುಟ್ಟಾಗಿ ಬಾಳಿದ್ದು ಏತಕ್ಕೆ? ಅದು ಅವರ ಸ್ವಭಾವವೋ, ಅಥವಾ ಬಯಲಿಗೆ ಬಂದರೆ ಏನಾದೀತೆಂಬ ಭಯವೋ? ಭಯದಿಂದ ತನ್ನ ಬಾಳನ್ನು ಮುಚ್ಚಿಟ್ಟುಕೊಂಡವನನ್ನು ತೋರಿಸಿ, ‘ಇವನನ್ನು ಯಾರೂ ಹೊಡೆಯುತ್ತಿಲ್ಲ, ಇವನಿಗೇನು ಭಯ?’ ಎನ್ನುವುದು ತಿರುಗುಮುರುಗು ನ್ಯಾಯ. ಮಂಡಲಿ ಆ ಪ್ರಶ್ನೆಯನ್ನು ಕೇಳದೆಹೋದದ್ದೇ ಕಾನೂನಿನ ದೋಷವಾಯಿತು. ಮುಂದೆ 2014ರ ತಿದ್ದುಪಡಿಯಲ್ಲಿ, ಅಪಾಯ ತಪ್ಪಿಸಿಕೊಳ್ಳಲು ಮನುಷ್ಯ ತನ್ನ ನಡತೆಯನ್ನು ಸ್ವಲ್ಪ ಮಾರ್ಪಡಿಸಿಕೊಳ್ಳಬಹುದೆಂದು ಕಾಯಿದೆ ಹೇಳಿದರೂ, ಧರ್ಮಶ್ರದ್ಧೆಯನ್ನಾಗಲಿ ಲೈಂಗಿಕ ಒಲವನ್ನಾಗಲಿ ಬಚ್ಚಿಡಬೇಕೆಂದು ಯಾರನ್ನೂ ನಿರೀಕ್ಷಿಸುವಂತಿಲ್ಲವೆಂದು ಸ್ಪಷ್ಟವಾಗಿ ಬರೆಯಿತು.

ಇಷ್ಟನ್ನು ಓದಿದವರು ನ್ಯಾಯಾಲಯದ ಈ ಅಧಿಕಾರ ಸರ್ಕಾರಗಳಿಗೆ ಪ್ರಿಯವಾಗಿರಲಾರದೆಂದು ಊಹಿಸಬಹುದು. ಊಹೆ ನಿಜ. 2001ರ ಆಗಸ್ಟಿನಲ್ಲಿ ‘ಟಾಂಪಾ’ ಎಂಬ ನಾರ್ವೆಯ ಹಡಗು ಮುಳುಗುತ್ತಿದ್ದ ದೋಣಿಯಿಂದ 433 ಜನರನ್ನು ಎತ್ತಿಕೊಂಡು ಬಂದಾಗ, ಅವರನ್ನು ನೆಲಕ್ಕಿಳಿಸಲು ಆಸ್ಟ್ರೇಲಿಯ ಒಪ್ಪಲಿಲ್ಲ. ಆ ಕಾವಿನಲ್ಲಿ ಅದೇ ವರ್ಷ ವಲಸೆ ಕಾಯಿದೆಗೆ ಒಂದು ವಿಧಿ ಸೇರಿತು: ವಲಸೆ ಅಧಿಕಾರಿಗಳ ನಿರ್ಣಯವೇ ಅಂತಿಮ, ಅದನ್ನು ಯಾವ ನ್ಯಾಯಾಲಯದಲ್ಲಿಯೂ ಪ್ರಶ್ನಿಸಕೂಡದು. ಬಾಗಿಲಿಗೆ ಅಗಳಿ ಹಾಕಿದಂತಾಯಿತು.

ಅಗಳಿ ಹಾಕಿದವರು ಆ ಬಾಗಿಲನ್ನು ಇರಿಸಿದವರನ್ನು ಮರೆತಿದ್ದರು. 1901ರಲ್ಲಿ ಜಾರಿಗೆ ಬಂದ ಅಲ್ಲಿಯ ಸಂವಿಧಾನದಲ್ಲಿ ಎಪ್ಪತ್ತೈದನೆಯ ವಿಧಿಯ ಐದನೆಯ ಭಾಗ ಹೀಗೆ ವಿಧಿಸುತ್ತದೆ: ಕೇಂದ್ರ ಸರ್ಕಾರದ ಯಾವನೇ ಅಧಿಕಾರಿಯ ಮೇಲೆ ಪರಮಾದೇಶ, ಪ್ರತಿಷೇಧ ಅಥವಾ ತಡೆಯಾಜ್ಞೆ ಕೋರಿದರೆ ಅದನ್ನು ಕೇಳುವ ಅಧಿಕಾರ ಹೈಕೋರ್ಟಿಗೆ ಉಂಟು. ಇದರ ಹಿಂದೆ ಟಾಸ್ಮೇನಿಯದ ಆಂಡ್ರೂ ಇಂಗ್ಲಿಸ್ ಕ್ಲಾರ್ಕ್ ಎಂಬ ಮಹನೀಯರ ದೂರದೃಷ್ಟಿ ಇದ್ದಿತು. ಅಮೆರಿಕದ ಸುಪ್ರೀಂ ಕೋರ್ಟು 1803ರಲ್ಲಿ, ಇಂಥ ಆದೇಶ ಹೊರಡಿಸಲು ತನಗೆ ಮೂಲಾಧಿಕಾರವಿಲ್ಲವೆಂದು ಕೈಚೆಲ್ಲಬೇಕಾಗಿ ಬಂದದ್ದನ್ನು ಅವರು ಓದಿದ್ದರು. 1898ರ ಸಮ್ಮೇಳನದಲ್ಲಿ ಸದಸ್ಯರು ಆ ಭಾಗ ಅನಾವಶ್ಯಕವೆಂದು ಕಿತ್ತುಹಾಕಿದಾಗ, ಕ್ಲಾರ್ಕರು ಎಡ್ಮಂಡ್ ಬಾರ್ಟನ್ನರಿಗೆ ಅದರ ಪ್ರಯೋಜನವನ್ನು ತಿಳಿಸಿದರು. ಅದು ಮತ್ತೆ ಸೇರಿತು. ಅಂದು ಅದರ ಬೆಲೆ ಕೆಲವರಿಗಷ್ಟೇ ತಿಳಿದಿತ್ತು. ನೂರು ವರ್ಷಗಳಾದ ಮೇಲೆ ಅದು ‘ಎಸ್ 157’ ಎಂಬ ಹೆಸರಿಲ್ಲದವನ ಊರುಗೋಲಾಯಿತು. 2003ರ ಫೆಬ್ರವರಿ 4ರಂದು ಹೈಕೋರ್ಟು ಕೊಟ್ಟ ತೀರ್ಪಿನ ತಿರುಳು ಇಷ್ಟು: ಅಧಿಕಾರದ ಎಲ್ಲೆ ಮೀರಿ ಮಾಡಿದ ನಿರ್ಣಯ ಕಾಯಿದೆಯ ದೃಷ್ಟಿಯಲ್ಲಿ ನಿರ್ಣಯವೇ ಅಲ್ಲ, ನಿರ್ಣಯವಲ್ಲದ್ದಕ್ಕೆ ಆ ಅಗಳಿಯ ರಕ್ಷಣೆಯೂ ಇಲ್ಲ. ಶಾಸನಸಭೆಯ ವಿಧಿ ಉಳಿಯಿತು, ಬಾಗಿಲೂ ತೆರೆದೇ ಉಳಿಯಿತು.

ನಮಗೆ ಇದು ತೀರ ಅಪರಿಚಿತವಲ್ಲ. ನಮ್ಮ ಸಂವಿಧಾನದ 32ನೆಯ ಮತ್ತು 226ನೆಯ ವಿಧಿಗಳ ರಿಟ್ ಅರ್ಜಿಗಳೂ ಇದೇ ಇಂಗ್ಲಿಷ್ ನ್ಯಾಯಪರಂಪರೆಯ ಕೂಸುಗಳು. ಮೂವತ್ತೆರಡನೆಯ ವಿಧಿಯನ್ನು ಅಂಬೇಡ್ಕರರು ಸಂವಿಧಾನದ ಹೃದಯವೆಂದೂ ಆತ್ಮವೆಂದೂ ಕರೆದರು. ಆದರೆ ಒಂದು ಭೇದವುಂಟು. ಭಾರತ 1951ರ ಒಡಂಬಡಿಕೆಗೆ ಸೇರಿಲ್ಲ. 1960ರ ದಶಕದ ಆರಂಭದಲ್ಲಿ ಅಂದಿನ ಮೈಸೂರು ರಾಜ್ಯ ಬೈಲುಕುಪ್ಪೆಯಲ್ಲಿ ಟಿಬೆಟ್ಟಿನವರಿಗೆ ನೆಲ ಕೊಟ್ಟಿತು. ಅವರ ಮಠಗಳೂ ಜೋಳದ ಹೊಲಗಳೂ ಇಂದು ಆ ಔದಾರ್ಯಕ್ಕೆ ಸಾಕ್ಷಿಯಾಗಿವೆ. ಅದು ನಾವು ಹೆಮ್ಮೆಪಡತಕ್ಕ ಸಂಗತಿಯೇ. ಆದರೂ ಅದು ಕೊಡುಗೆ, ಹಕ್ಕಲ್ಲ. ಕೊಡುವ ಕೈ ಮುಚ್ಚಿಕೊಂಡರೆ ಕಾರಣವನ್ನು ಕೇಳುವ ದಾರಿ ಕಿರಿದು. ಆಸ್ಟ್ರೇಲಿಯದ ಅರ್ಜಿದಾರನಿಗೆ ಎದುರಾಗುವ ಮುಖ ನಮ್ಮವರ ಮುಖದಷ್ಟು ಪ್ರಸನ್ನವಾಗಿಲ್ಲದಿರಬಹುದು. ಆದರೆ ‘ಏಕೆ ಒಲ್ಲೆ ಎಂದಿರಿ?’ ಎಂದು ಕೇಳುವ ಹಕ್ಕು ಅವನ ಕೈಯಲ್ಲಿದೆ.

ಈ ಹಕ್ಕನ್ನು ನಾನು ಅತಿಯಾಗಿ ಹೊಗಳುತ್ತಿದ್ದೇನೆಯೆ? ಅದರ ಮಿತಿಯನ್ನೂ ಹೇಳದಿದ್ದರೆ ವಾಚಕರಿಗೆ ದ್ರೋಹವಾದೀತು. ಆಡಳಿತದ ಅನ್ಯಾಯವನ್ನೆಲ್ಲ ಸರಿಪಡಿಸುವುದು ನ್ಯಾಯಾಲಯದ ಕೆಲಸವಲ್ಲ, ಅಧಿಕಾರದ ಎಲ್ಲೆಯನ್ನು ಕಾಯುವುದಷ್ಟೇ ಅದರ ಕೆಲಸ ಎಂದು ನ್ಯಾಯಮೂರ್ತಿ ಬ್ರೆನನ್ನರು 1990ರಲ್ಲಿಯೇ ಬರೆದರು. ನ್ಯಾಯಮಂಡಲಿಯ ಬರಹದಲ್ಲಿ ತಪ್ಪು ಹುಡುಕಲೆಂದೇ ಕಣ್ಣನ್ನು ಚೂಪುಮಾಡಿಕೊಂಡು ಓದಬಾರದೆಂದು 1996ರಲ್ಲಿ ಹೈಕೋರ್ಟು ಎಚ್ಚರಿಸಿತು. 2018ರಿಂದೀಚೆಗಂತೂ, ದೋಷವಿದ್ದರೆ ಸಾಲದು, ಅದಿಲ್ಲದಿದ್ದರೆ ಫಲಿತಾಂಶ ಬೇರೆಯಾಗಬಹುದಿತ್ತೆಂಬುದೂ ಸಾಮಾನ್ಯವಾಗಿ ಕಾಣಬೇಕು. ಅದಕ್ಕೆ ಬೇಕಾದ ಪ್ರಮಾಣ ದೊಡ್ಡದಲ್ಲವೆಂದು 2024ರ ತೀರ್ಪೊಂದು ಸಮಾಧಾನ ಹೇಳಿದೆ. ಹೀಗಾಗಿ ಕ್ರಮ ತಪ್ಪದೆ, ಶ್ರದ್ಧೆಯಿಂದ, ವಿನಯದಿಂದ ವಿಚಾರಣೆ ನಡೆಸಿ ಮಂಡಲಿಯವರು ಸತ್ಯವನ್ನು ಸುಳ್ಳೆಂದು ತಿಳಿದರೆ, ಅದಕ್ಕೆ ಇಲ್ಲಿ ಮದ್ದಿಲ್ಲ. ನ್ಯಾಯಾಧೀಶನ ಅಂತರಂಗ ಬೇರೆ ಹೇಳುತ್ತಿದ್ದರೂ ಕೈ ಕಟ್ಟಿದೆ. ಗೆದ್ದವನಿಗೂ ವೀಸಾ ಸಿಕ್ಕಿತೆಂದು ಅರ್ಥವಲ್ಲ. ಅದೇ ಕಥೆಯನ್ನು ಮತ್ತೆ ಮಂಡಲಿಯ ಮುಂದೆ ಹೇಳಬೇಕು, ಮತ್ತೆ ಸೋಲಬಹುದು. ಈ ನಡುವೆ ವರ್ಷಗಳು ಕಳೆಯುತ್ತವೆ. ಪರಭಾಷೆಯ ಕಾನೂನಿನಲ್ಲಿ ತನ್ನ ನಿರ್ಣಯದ ದೋಷವನ್ನು ಮೂವತ್ತೈದು ದಿನಗಳಲ್ಲಿ ಕಂಡುಹಿಡಿಯಬೇಕಾದವನಿಗೆ ವಕೀಲನೂ ಇಲ್ಲದಿದ್ದರೆ ಆ ಬಾಗಿಲು ತೆರೆದಿದ್ದೂ ಮುಚ್ಚಿದಂತೆ.

ಹಾಗಾದರೆ ನ್ಯಾಯಾಲಯಕ್ಕೇ ಎಲ್ಲವನ್ನೂ ವಹಿಸಬಾರದೇಕೆ ಎಂದು ಕೇಳಬಹುದು. ನಾನೂ ಬಹಳ ದಿನ ಹಾಗೆಯೇ ಯೋಚಿಸುತ್ತಿದ್ದೆ. ಈಗ ಅಷ್ಟು ಧೈರ್ಯವಿಲ್ಲ. ಯಾರನ್ನು ನಂಬಬೇಕೆಂಬುದನ್ನು ಕಡೆಗೆ ಒಬ್ಬ ಮನುಷ್ಯನೇ ನಿಶ್ಚಯಿಸಬೇಕು. ಆತ ಯಾವ ಪೀಠದ ಮೇಲೆ ಕುಳಿತರೂ ತಪ್ಪುವ ಮನುಷ್ಯನೇ. ಪರರ ಎದೆಯೊಳಗಿನ ಭಯವನ್ನು ಅಳೆಯುವ ಕೋಲು ಯಾರ ಬಳಿಯೂ ಇಲ್ಲ. ಆದರೆ ಕೇಳಿಸಿಕೊಂಡೆವೋ ಇಲ್ಲವೋ ಎಂಬುದನ್ನು ಅಳೆಯಬಹುದು. ಕರೆದರೇ, ಅವನ ಭಾಷೆ ತಲಪಿತೇ, ಅವನದೇ ಕಾಗದವನ್ನು ಓದಿದರೇ, ಕೇಳಲೇಬೇಕಾದ ಪ್ರಶ್ನೆಯನ್ನು ಕೇಳಿದರೇ—ಇವುಗಳಿಗೆ ಸಾಕ್ಷ್ಯ ದೊರಕುತ್ತದೆ. ನ್ಯಾಯಾಲಯ ಆರಿಸಿಕೊಂಡಿರುವುದು ತನ್ನ ಕೈಗೆ ಎಟಕುವ ಈ ಸಣ್ಣ ಕೆಲಸವನ್ನು. ಅದನ್ನು ಸರಿಯಾಗಿ ಮಾಡಿದ ಎಡೆಗಳಲ್ಲಿ, ಲೆಬನಾನಿನ ಆ ಕುಟುಂಬದ ಹಾಗೆ, ಮಾತನಾಡದೆಯೇ ಸೋತವರಿಗೆ ಮಾತನಾಡುವ ಅವಕಾಶ ಮತ್ತೆ ದೊರಕಿದೆ.

ನಮ್ಮ ಹಳ್ಳಿಗಳಲ್ಲಿ ‘ಅಹವಾಲು’ ಎಂಬ ಮಾತು ಇನ್ನೂ ಬಳಕೆಯಲ್ಲಿದೆ. ತಾಲ್ಲೂಕು ಕಚೇರಿಯ ಜಗಲಿಯ ಮೇಲೆ ಬೆಳಗಿನಿಂದ ಕಾದು ಕುಳಿತ ಮುದುಕ, ಕೆಲಸವಾಗದೆ ಹಿಂದಿರುಗುವಾಗಲೂ, ‘ಸಾಹೇಬರು ನನ್ನ ಅಹವಾಲು ಪೂರಾ ಕೇಳಿದರು’ ಎಂದು ಒಂದು ಬಗೆಯ ನೆಮ್ಮದಿಯಿಂದ ಹೇಳುವುದುಂಟು. ‘ಕೇಳಲೇ ಇಲ್ಲ’ ಎನ್ನುವಾಗ ಅವನ ದನಿ ಬೇರೆಯಾಗಿರುತ್ತದೆ. ಆ ಎರಡು ದನಿಗಳ ಅಂತರ ತಿಳಿದವರಿಗೆ ಈ ತೀರ್ಪುಗಳ ಬೆಲೆಯೂ ತಿಳಿಯುತ್ತದೆ. ಈಗ ಅವುಗಳ ಶಿರೋನಾಮೆಯಲ್ಲಿ ಆ ಅಕ್ಷರಗಳನ್ನೂ ಅಂಕಿಗಳನ್ನೂ ಕಂಡಾಗ ನನಗೆ ಕೈದಿಯ ಅಂಗಿ ನೆನಪಾಗುವುದಿಲ್ಲ. ಜಗಲಿಯ ಮೇಲೆ ಕಾದು ಕುಳಿತಿರುವ ಯಾರೋ ಒಬ್ಬರು ನೆನಪಾಗುತ್ತಾರೆ. ಒಳಗಿನಿಂದ ಅವರನ್ನು ಕರೆದರೇ ಇಲ್ಲವೇ ಎಂದು ತಿಳಿಯಲು ಪುಟ ಮಗುಚುತ್ತೇನೆ.